ಮಾಗಿಯ ಬಾವಿ ನೋಡಿ ಮನೆ ಹಿಡಿಯಬೇಡಿ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಕೊಯ್ಲು ಮುಗಿಯುತ್ತಿದ್ದಂತೆ ಕುಂದಾಪುರ, ಬೈಂದೂರು ಕಡೆಯ ಕಡಲಂಚಿನ ಊರುಗಳಿಗೆ ಬಾಡಿಗೆ ಮನೆ ಹುಡುಕಿಕೊಂಡು ಜನ ಬರುತ್ತಾರೆ. ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವವರು, ನಿವೃತ್ತರು, ಪೇಟೆಯ ಗದ್ದಲ ಸಾಕಾದವರು. ಬರಲಿ. ಬೀಗ ಜಡಿದ ಮನೆಯಲ್ಲಿ ಮತ್ತೆ ದೀಪ ಹೊತ್ತಿದರೆ ಊರಿಗೂ ಸಂತೋಷವೇ. ಆದರೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಗೋಡೆ ಒಣಗಿರುತ್ತದೆ, ಬಾವಿಯಲ್ಲಿ ನೀರು ಕೈಗೆಟಕುವಂತಿರುತ್ತದೆ, ಬೆಳಗಿನ ಜಾವ ಫ್ಯಾನ್ ಬೇಡವೆನಿಸುತ್ತದೆ. ಅದನ್ನು ನೋಡಿ ಅಡ್ವಾನ್ಸ್ ಕೊಟ್ಟವರು ಮೇ ತಿಂಗಳಲ್ಲಿ ಕುಡಿಯುವ ನೀರಿಗೆ, ಜೂನ್‌ನಲ್ಲಿ ಸೋರುವ ಮಾಡಿಗೆ (ಸೂರಿಗೆ) ಕಂಗೆಡುತ್ತಾರೆ. ಮನೆಯ ಯೋಗ್ಯತೆ ಅಳೆಯಬೇಕಾದದ್ದು ಆ ಎರಡು ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಬಾವಿ. ಕಡಲ ಬದಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಉಪ್ಪುನೀರು ಹೆಚ್ಚು ತೂಕದ್ದು. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿನ ಪದರ ಇರುತ್ತದೆ ಎಂಬುದು ಅಂತರ್ಜಲ ಶಾಸ್ತ್ರದ ಲೆಕ್ಕ. ತಿರುಗಿಸಿ ನೋಡಿದರೆ ಭಯವಾಗಬೇಕು: ಮೇಲೆ ಒಂದಡಿ ಬಸಿದುಹೋದರೆ ಅಡಿಯಿಂದ ಉಪ್ಪು ಕ್ರಮೇಣ ಸುಮಾರು 40 ಅಡಿ ಏರಿ ಬರಬಹುದು. ಬೇಸಿಗೆಯಲ್ಲಿ ನೀರು ಕಡಿಮೆಯಾಯಿತೆಂದು ಬಾವಿ ಆಳ ಮಾಡಿಸುವುದು, ಬೋರ್‌ವೆಲ್ ಕೊರೆಸುವುದು, ದೊಡ್ಡ ಪಂಪ್ ಇಳಿಸುವುದು ಇಲ್ಲಿ ಮಾಡಲೇಬಾರದ ಕೆಲಸ. ಅರ್ಧ ಎಚ್‌ಪಿ ಪಂಪನ್ನು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಓಡಿಸಿ ಟ್ಯಾಂಕಿಗೆ ತುಂಬಿಸಿಕೊಳ್ಳಿ. ಒಂದೇ ಸಲಕ್ಕೆ ತಾಸುಗಟ್ಟಲೆ ಎಳೆದರೆ ನಿಮ್ಮ ಬಾವಿಯ ಜೊತೆ ಪಕ್ಕದ ಮನೆಯ ಬಾವಿಯೂ ಕೆಡುತ್ತದೆ. ಮರವಂತೆಯಂಥ ಕಡೆ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ಹೊಳೆ. ಬೇಸಿಗೆಯಲ್ಲಿ ಭರತದ ಹೊತ್ತಿಗೆ ಹೊಳೆಗೂ ಉಪ್ಪುನೀರು ಏರುವುದರಿಂದ ಕಡಲಿಗೆ ದೂರವೆಂದು ಹೊಳೆ ಬದಿಯ ಮನೆ ಹಿಡಿದರೂ ನಿಶ್ಚಿಂತೆಯಿಲ್ಲ.

ಬಾವಿಯ ಮೇಲಿನ ನೀರನ್ನು ಬೊಗಸೆಯಲ್ಲಿ ಕುಡಿದು ನೋಡಿದರೆ ಏನೂ ತಿಳಿಯದು, ಮಾಗಿಯಲ್ಲಿ ಅದು ಸಿಹಿಯಾಗಿಯೇ ಇರುತ್ತದೆ. ತಳದ ನೀರು ತೆಗೆಯಿರಿ. ಕಿರುಬಾಯಿಯ ಬಾಟಲಿಯ ಬುಡಕ್ಕೆ ಕಲ್ಲು ಕಟ್ಟಿ, ಕುತ್ತಿಗೆಗೊಂದು ಹಗ್ಗ, ಬಿರಡೆಗೆ ಬೇರೆಯೇ ಒಂದು ಹುರಿ ಕಟ್ಟಿ. ಬಿರಡೆ ಬಿಗಿಯಾಗಿ ಒತ್ತಬೇಡಿ. ಬಾಟಲಿ ತಳ ಮುಟ್ಟಿದ ಮೇಲೆ ಒಂದು ಗೇಣು ಎತ್ತಿ ಹಿಡಿದು ಹುರಿ ಜಗ್ಗಿ. ನೀರಿನ ಮೇಲೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತರೆ ಬಾಟಲಿ ತುಂಬಿದೆ ಎಂದರ್ಥ. ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರಿನಲ್ಲಿ ಮೇಲಿನ ನೀರು, ತಳದ ನೀರು ಎರಡನ್ನೂ ಅಳೆಯಿರಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ತಳದ ಅಳತೆ ಮೇಲಿನದರ ಮೂರು ನಾಲ್ಕು ಪಟ್ಟಿದ್ದರೆ ಉಪ್ಪು ಹತ್ತಿರದಲ್ಲೇ ಕಾದಿದೆ, ಬೇಸಿಗೆಗೆ ಬೇರೆ ದಾರಿ ಮೊದಲೇ ನೋಡಿಕೊಳ್ಳಿ.

ಮೀಟರಿಗಿಂತ ಹೆಚ್ಚು ನೆಚ್ಚಬಹುದಾದ ಸಾಕ್ಷಿ ಪಕ್ಕದ ಮನೆಯಲ್ಲಿ ನೀರು ಸೇದುವ ಹೆಂಗಸು. ಮನೆ ಮಾಲೀಕರನ್ನು ಬಿಟ್ಟು ಅವರನ್ನೇ ಕೇಳಿ, “ಅಕ್ಕಾ, ಮೇ ತಿಂಗಳಲ್ಲಿ ನೀರು ಉಪ್ಪಾಗುತ್ತದಾ?” ಎಂದು. ಘಟ್ಟದ ಮೇಲಿನವರಿಗೆ ಒಂದು ಮಾತು: ಕುಂದಾಪುರದ ಕಡೆ “ನೀರ್ ಇತ್ತ್” ಎಂದರೆ ನೀರು ಇದೆ ಎಂದೇ ಅರ್ಥ. ಹಿಂದೆ ಇತ್ತು, ಈಗ ಇಲ್ಲ ಎಂದುಕೊಂಡು ವಾಪಸಾಗಬೇಡಿ.

ಇನ್ನು ಮಾಡು. ಹೆಂಚಿನ ಮನೆಯಾದರೆ ನಡು ಮಧ್ಯಾಹ್ನ ಬಾಗಿಲು, ಕಿಟಕಿ ಮುಚ್ಚಿ ಒಳಗೆ ನಿಲ್ಲಿ. ಒಡೆದ, ಸರಿದ ಹೆಂಚಿನ ಸಂದಿಯಿಂದ ನೆಲದ ಮೇಲೆ ನಾಣ್ಯದಗಲ ಬಿಸಿಲು ಬಿದ್ದಿರುತ್ತದೆ. ಮೇಲೆ ನೋಡಿದರೆ ಎಲ್ಲಿಂದ ಎಂದು ಕಾಣುತ್ತದೆ, ಆ ಜಾಗದ ಪಕಾಸಿಗೆ (ಹೆಂಚಿನಡಿಯ ಮರಕ್ಕೆ) ಸೀಮೆಸುಣ್ಣದ ಗುರುತು ಹಾಕಿ. ಹೆಂಚು ಕೈಯಾಡಿಸುವ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಮೇ ಕೊನೆಯ ವಾರದಲ್ಲಿ ಕೇಳಿದರೆ ಕೆಲಸದವರೆಲ್ಲ ಬೇರೆಯವರ ಮಾಡಿನ ಮೇಲೆಯೇ ಇರುತ್ತಾರೆ. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಬೆನ್ನಿನ ಮೇಲಿರುವ ಮುದ್ರೆ ನೋಡಿ ಅದೇ ಜಾತಿಯ ಐವತ್ತು ಹೆಂಚು ತಂದಿಟ್ಟುಕೊಳ್ಳಿ. ಮಳೆ ನೈಋತ್ಯದಿಂದ ಹೊಡೆಯುವುದರಿಂದ ಪಡುವಣ ಗೋಡೆಗೆ ತಟ್ಟಿಯೋ ತಗಡೋ ಬೇಕೇಬೇಕು. ಗಿಲಾವು ಇಲ್ಲದ ಕೆಂಪುಕಲ್ಲಿನ ಗೋಡೆ ಇರಚಲು ನೀರು ಕುಡಿದು ಒಳಗಡೆ ಬೂಸ್ಟು ಹಿಡಿಯುತ್ತದೆ. ಫ್ರಿಜ್, ಕಂಪ್ಯೂಟರ್ ಆ ಬದಿಯಲ್ಲಿ ಇಡಬೇಡಿ.

ಮೊದಲ ಮಳೆಗೆ ಅಂಗಳದ ಕೊಳೆಯೂ ಬಾವಿಗಿಳಿಯುತ್ತದೆ. ಆರಡಿ ಅಗಲದ ಬಾವಿಯಲ್ಲಿ ಆರೂವರೆ ಅಡಿ ನೀರಿದ್ದರೆ ಅದು ಸುಮಾರು 5000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ 12-13 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಿಳಿನೀರನ್ನು ಮಾತ್ರ ಬಾವಿಗೆ ಹಾಕಿ ಕೊಡಪಾನದಿಂದ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಒಂದು ತಾಸು ಕಳೆಯುವವರೆಗೆ ನೀರು ಸೇದಬೇಡಿ. ಕುಡಿಯುವ ನೀರು ಮಳೆಗಾಲ ಪೂರ್ತಿ ಕುದಿಸಿಯೇ ಇರಲಿ.

ಚಳಿಗಾಲದಲ್ಲೇ ಗಮನಿಸಬೇಕಾದ ಇನ್ನೊಂದು ಸಂಗತಿ ದೀಪ. ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವ ಕಾಲವಿದು. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಐವತ್ತು ದಿನಕ್ಕೆ ಸ್ವಲ್ಪ ಹಿಂದೆ ಮುಂದೆ ಮರಿಯಾಗುತ್ತವೆ. ಮರಿ ಕತ್ತಲಲ್ಲಿ ಬೆಳಕು ಕಂಡತ್ತ ತೆವಳುತ್ತದೆ. ಆ ಬೆಳಕು ಅಲೆಯದಾಗಿರಬೇಕು, ನಿಮ್ಮ ಜಗಲಿಯ ಎಲ್‌ಇಡಿಯದಾಗಬಾರದು. ಕಡಲಿಗೆ ಮುಖಮಾಡಿದ ದೀಪವನ್ನು ರಾತ್ರಿ ಆರಿಸಿ, ಇಲ್ಲವೇ ನೆಲಕ್ಕೆ ತಿರುಗಿಸಿ ಮರೆ ಕಟ್ಟಿ. ನಾಯಿಯನ್ನು ದಂಡೆಗೆ ಬಿಡಬೇಡಿ.

ದಂಡೆಯಲ್ಲಿ ಹರಡಿದ ಬಲೆ ತುಳಿಯಬಾರದು, ದೋಣಿ ಎಳೆಯುವ ದಾರಿಯಲ್ಲಿ ಕಾರು ನಿಲ್ಲಿಸಬಾರದು. ಬಿಡಿಸಿ ಹೇಳಬೇಕಾದ ಮಾತೇನಲ್ಲ. ಮೇ ಮುಗಿಯುವತನಕ ರಾತ್ರಿಯಿಡೀ ಬಯಲಾಟ, ಕೋಲ ಇರುತ್ತವೆ. ಸದ್ದು ಹೆಚ್ಚೆಂದು ದೂರುವ ಬದಲು ಹೇಳಿಕೆ (ಆಮಂತ್ರಣ) ಬಂದಾಗ ಹೋಗಿ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ, ಊರು ನಿಮ್ಮನ್ನು ಗುರುತು ಹಿಡಿಯುವುದು ಅಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಹಾಗಾಗಿ ಮೀನು ತಿನ್ನುವವರು ಒಣಮೀನನ್ನು ಬೇಸಿಗೆಯಲ್ಲೇ ಕೊಂಡು ಗಾಳಿಯಾಡದ ಡಬ್ಬಿಯಲ್ಲಿಡಿ.

ಕಡಲಂಚಿನ ಗ್ರಾಮ ಪಂಚಾಯತಿಗಳಲ್ಲಿ ನಮ್ಮದೊಂದು ಬೇಡಿಕೆ. ಪ್ರತಿ ವರ್ಷ ಮೇ ಎರಡನೇ ವಾರ ವಾರ್ಡಿಗೆ ಐದಾರು ಬಾವಿಗಳ ತಳದ ನೀರು ಅಳೆದು, ಅಂಕಿಯನ್ನು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಮುಂದಿನ ಮೇವರೆಗೂ ಇಡಲಿ. ಬಾಡಿಗೆ ಕರಾರಿನಲ್ಲೂ ಮಾಲೀಕರು ಆ ಅಂಕಿ ಬರೆಯಲಿ. ಬೇಕಾಗುವುದು ಒಂದು ಮೀಟರ್, ಒಂದು ಬಾಟಲಿ, ಇಬ್ಬರ ಎರಡು ದಿನದ ಕೆಲಸ.

— ಕಡಲಂಚಿನ ಗ್ರಾಮಸ್ಥರು, ಬೈಂದೂರು ತಾಲೂಕು