ಕಪಾಟಿನಲ್ಲಿದ್ದ ಮಾತ್ರೆಯೂ ಸಿಗಲಿಲ್ಲ

ಮಾನ್ಯರೇ,

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ 90 ದಿನಗಳ ತಡೆ ಹಾಕಿದಾಗ ಆಫ್ರಿಕಾದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಎಚ್‌ಐವಿ ಮಾತ್ರೆಗಳು ಕಪಾಟಿನಲ್ಲೇ ಇದ್ದವು, ಹಂಚುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ವಿನಾಯಿತಿ ಬಂತು ನಿಜ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಆರೋಗ್ಯ ಕಾರ್ಯಕರ್ತರ ಗತಿ? ಮಾತ್ರೆ ಒಯ್ಯಲು ಬಾರದವರಿಗೆ ಫೋನ್ ಮಾಡಿ, ಮನೆ ಬಾಗಿಲಿಗೇ ಹೋಗಿ ‘ಯಾಕಮ್ಮ ಬರಲಿಲ್ಲ?’ ಎಂದು ವಿಚಾರಿಸುತ್ತಿದ್ದವರು ಅವರೇ. ಈ ಮಾತ್ರೆಯನ್ನು ದಿನವೂ ನುಂಗಬೇಕು. ಬಿಟ್ಟರೆ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ತಲೆಯೆತ್ತುತ್ತದೆ. ಬಸುರಿಯಾದರೆ ಕೂಸಿಗೂ ದಾಟಬಹುದು.

2003ರಲ್ಲಿ ಜಾರ್ಜ್ ಬುಷ್ ಶುರುಮಾಡಿದ, ಬಡ ದೇಶಗಳ ಎಚ್‌ಐವಿ ಚಿಕಿತ್ಸೆಗೆ ಹಣ ಕೊಡುವ ‘ಪೆಪ್‌ಫಾರ್’ ಯೋಜನೆ ಎರಡೂವರೆ ಕೋಟಿ ಜೀವ ಉಳಿಸಿದೆ ಎಂದು ಅಮೆರಿಕ ಸರ್ಕಾರವೇ ಹೇಳಿಕೊಂಡಿತ್ತು. 2001ರಲ್ಲಿ ನಮ್ಮ ಔಷಧ ಕಂಪನಿ ಸಿಪ್ಲಾ ದಿನಕ್ಕೆ ಒಂದು ಡಾಲರ್‌ಗೂ ಕಡಿಮೆಗೆ ಈ ಔಷಧ ಕೊಡಲು ಮುಂದಾದ ಮೇಲೆಯೇ ಬೆಲೆ ಇಳಿದದ್ದು. ಇಂದಿಗೂ ಆಫ್ರಿಕಾದಲ್ಲಿ ಬಳಕೆಯಾಗುವ ಮಾತ್ರೆಗಳಲ್ಲಿ ಬಹುಪಾಲು ಭಾರತದ ಕಾರ್ಖಾನೆಗಳವು. ಸರಬರಾಜು ನಿಂತ ಕಡೆಗೆ ಒಂದಿಷ್ಟನ್ನು ಕೇಂದ್ರ ಸರ್ಕಾರವೇ ಕೊಂಡು ಉಚಿತವಾಗಿ ಕಳಿಸಬಾರದೇಕೆ? ಕೋವಿಡ್ ಲಸಿಕೆ ಕಳಿಸಿದ್ದೆವಲ್ಲ.

– ಒಬ್ಬ ಓದುಗ, ದಾವಣಗೆರೆ