ಬೈನಾಕ್ಯುಲರ್ ಕೊಳ್ಳುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಹಕ್ಕಿ ನೋಡಲು ಬಾಗಲಕೋಟೆಯಿಂದ ಆಲಮಟ್ಟಿ ಹಿನ್ನೀರಿಗೆ ಹೋಗ್ತಿದ್ದೇವೆ, ಅಲ್ವಾ? ಹೊಸಬರು ಅವಸರದಲ್ಲಿ ಬೈನಾಕ್ಯುಲರ್ ಕೊಳ್ಳಬೇಡಿ.

ಮೊದಲ ಸಲಕ್ಕೆ 8×42 ಸಾಕು. 8 ಅಂದರೆ ಹಕ್ಕಿ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10 ಪಟ್ಟಿನದರಲ್ಲಿ ಕೈ ನಡುಕವೂ ಜಾಸ್ತಿ ಕಾಣುತ್ತದೆ, ನೋಟದ ಅಗಲ ಸಾಮಾನ್ಯವಾಗಿ ಕಡಿಮೆ. ಜಾಲಿಗಿಡದಲ್ಲಿ ಜಿಗಿದಾಡುವ ಸಣ್ಣ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ನನಗೆ ಎಷ್ಟೋ ಸಲ ಹೀಗಾಗಿದೆ, ತುಂಬಾ ಬೇಜಾರಾಗುತ್ತದೆ.

ದೂರದ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳಿಗೆ ಮಾತ್ರ 10×42 ನಿಜಕ್ಕೂ ಚೆನ್ನ. ಆದರೆ ಬಿಸಿಲೇರಿದರೆ ನೀರಿನ ಮೇಲಿನ ಗಾಳಿ ನಡುಗಿ ಎಲ್ಲವೂ ಮಸುಕು. ಅದಕ್ಕೇ ಬೆಳಿಗ್ಗೆ 6ಕ್ಕೇ ಹೊರಡೋಣ.

ಕನ್ನಡಕದವರು ಕಣ್ಣಿನ ಹತ್ತಿರದ ರಬ್ಬರ್ ಬಳೆಯನ್ನು ಕೆಳಗಿಳಿಸಿ ನೋಡಿ. ನಾನು ಎರಡೂ ಬೈನಾಕ್ಯುಲರ್ ತರುತ್ತೇನೆ, ಹಿಡಿದು ನೋಡಿಯೇ ಕೊಳ್ಳಿ.