ಪುಟ್ಟಿ, ಭಯ ಇದ್ದರೆ ಇರಲಿ

ಟೋಕಿಯೋ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಪ್ಪ, ಅಮ್ಮ, ತಾತನಿಗೆ ನನ್ನ ನಮಸ್ಕಾರ ಹೇಳು. ಈ ಕಾಗದ ನೀನು ಓದಿದ ಮೇಲೆ ಅಪ್ಪನಿಗೂ ಕೊಡು. ಅವರಿಗೂ ಒಂದು ಮಾತು ಬರೆದಿದ್ದೇನೆ.

ಜೂಡೋ ಸೆಲೆಕ್ಷನ್‌ನಲ್ಲಿ ನೀನು ಸೋತೆ ಅನ್ನೋದು ನನಗೆ ಅಷ್ಟು ನೋವಾಗಲಿಲ್ಲ. "ನನಗೆ ಧೈರ್ಯ ಇಲ್ಲ ಅಕ್ಕ, ಅದು ಹುಟ್ಟಿನಿಂದಲೇ ಬರಬೇಕು" ಅಂತ ಫೋನಿನಲ್ಲಿ ಅಂದೆಯಲ್ಲ, ಅದು ಜಾಸ್ತಿ ಕಾಡಿತು. ಆ ಮಾತಿಗೆ ಫೋನಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಕಳಿಸಿದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ರೆಫರಿ 'ಹಜಿಮೆ', ಅಂದರೆ 'ಶುರು', ಅಂದ ಕೂಡಲೇ ನಿನ್ನ ಎರಡೂ ತೋಳು ಕಟ್ಟಿಗೆಯ ಹಾಗೆ ಬಿಗಿದು ನೆಟ್ಟಗಾಯಿತು, ಸೊಂಟ ಹಿಂದಕ್ಕೆ ಸರಿಯಿತು. ಹಾಗೆ ನಿಂತರೆ ಸ್ವಲ್ಪ ಹೊತ್ತು ಬೀಳದೆ ಇರಬಹುದು, ಎದುರಿನವಳನ್ನು ಎಸೆಯೋಕೆ ಮಾತ್ರ ಆಗಲ್ಲ. ಉಸಿರು ಬಿಗಿಹಿಡಿದು ಕಾಲರ್ ಹಿಂಡಿದೆ. ಅಷ್ಟು ಬಿಗಿಯಾಗಿ ಹಿಡಿದರೆ ಮುಂಗೈ ಬೇಗ ಸೋಲುತ್ತದೆ, ಆಮೇಲೆ ಬೆರಳು ಮಾತೇ ಕೇಳುವುದಿಲ್ಲ. ದಾಳಿ ಮಾಡದೆ ತಡೆಯುತ್ತಲೇ ಇದ್ದರೆ ರೆಫರಿ ಶಿದೋ, ಅಂದರೆ ದಂಡದ ಎಚ್ಚರಿಕೆ, ಕೊಡುತ್ತಾರೆ, ಮೂರನೇ ಶಿದೋಗೆ ಮ್ಯಾಚೇ ಹೋಯಿತು. ಭಯ ಮನಸ್ಸಿನಲ್ಲಿರುತ್ತೆ ಅಂತೀವಿ. ಮ್ಯಾಟ್ ಮೇಲೆ ಅದು ಬಂದು ಕೂರುವುದು ತೋಳಿನಲ್ಲಿ, ಉಸಿರಿನಲ್ಲಿ. ಕೆಲಸ ಶುರು ಮಾಡಬೇಕಾದ್ದೂ ಅಲ್ಲಿಂದಲೇ.

ಆಫೀಸು ಮುಗಿಸಿ ಸಂಜೆ ನಾನು ಹೋಗುವ ಕೊಡೊಕಾನ್ ಜೂಡೋ ಶಾಲೆಯ ಬಗ್ಗೆ ನಿನಗೆ ಗೊತ್ತಲ್ಲ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಇಲ್ಲಿನ ಒಂದು ದೇವಸ್ಥಾನದ ಕೋಣೆಯಲ್ಲಿ ಶುರು ಮಾಡಿದ್ದು ಇವತ್ತು ಏಳನೇ ಮಹಡಿಯಲ್ಲಿ 420 ತತಾಮಿ ಚಾಪೆ ಹಾಸಿದ ದೊಡ್ಡ ಹಾಲ್ ಆಗಿದೆ. ಅಲ್ಲಿಗೆ ಬರುವ ಒಬ್ಬರು ಹಿರಿಯ ಬ್ಲ್ಯಾಕ್ ಬೆಲ್ಟ್ ಅಮ್ಮನನ್ನು ನಾನು ಯಾವಾಗಲೂ ಗಮನಿಸುತ್ತೇನೆ. ಪ್ರತಿ ರಂದೋರಿಗೂ, ಅಂದರೆ ಅಭ್ಯಾಸದ ಪಂದ್ಯಕ್ಕೂ, ಮುಂಚೆ ಬೆಲ್ಟಿನ ಗಂಟು ಒಮ್ಮೆ ಎಳೆಯುತ್ತಾರೆ. ಬಾಗಿ ವಂದಿಸುವಾಗ ಉದ್ದಕ್ಕೆ ಉಸಿರು ಬಿಡುತ್ತಾರೆ, ಎದ್ದಾಗ ಭುಜ ಇಳಿದಿರುತ್ತದೆ. ಬಲಗೈ ನೇರ ಕಾಲರ್‌ಗೆ ಹೋಗುತ್ತದೆ. ಎದುರಿಗೆ ಯಾರೇ ಇರಲಿ, ಇದರಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲ. "ನಿಮಗೆ ಭಯ ಆಗಲ್ವಾ?" ಅಂತ ಕೇಳಿದೆ. "ಆಗುತ್ತೆ. ಅದು ಬರೋ ಹೊತ್ತಿಗೆ ನನ್ನ ಕೈಗೆ ಕೆಲಸ ಇರುತ್ತೆ" ಅಂದರು.

ತಾತನನ್ನು ಕೇಳಿ ನೋಡು. ಗರಡಿಯಲ್ಲಿ ಮಟ್ಟಿಗೆ ಇಳಿಯುವ ಮುಂಚೆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಿದ್ದರಲ್ಲ, ಆಗ ಎದೆ ಹೇಗಿರುತ್ತಿತ್ತು ಅಂತ. ಅವರಿಗೆ ಭಯವೇ ಇರಲಿಲ್ಲ ಅಂದರೆ ನಾನು ನಂಬಲ್ಲ.

ನಿನಗೂ ಇಂಥ ಒಂದು ಕ್ರಮ ಬೇಕು. ಚಿಕ್ಕದಾಗಿರಲಿ, ದಿನಾ ಪ್ರಾಕ್ಟೀಸಿನಲ್ಲೂ ಮಾಡು. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ, ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಆಮೇಲೆ ಮೊದಲ ಹಿಡಿತ ಯಾವುದು ಅಂತ ಮೊದಲೇ ಗೊತ್ತಿರಬೇಕು. "ಶಾಂತವಾಗಿರು, ಶಾಂತವಾಗಿರು" ಅಂತ ನಿನಗೆ ನೀನೇ ಹೇಳಿಕೊಳ್ಳಬೇಡ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮುಂಚೆ, ಭಾಷಣದ ಮುಂಚೆ "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಉತ್ಸಾಹ ಬಂದಿದೆ" ಅಂದವರೇ ಚೆನ್ನಾಗಿ ಮಾಡಿದರು. ಎದೆ ಹೊಡೆದುಕೊಳ್ಳೋದು ಎರಡಕ್ಕೂ ಒಂದೇ ಥರ, ಅಲ್ವಾ? ಹೊಡೆದುಕೊಳ್ಳಲಿ ಬಿಡು.

ಇನ್ನೊಂದು. 48 ಕೆಜಿ ವಿಭಾಗಕ್ಕೆ ಇಳಿಯೋಕೆ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ ಅಂತ ಅಮ್ಮ ಹೇಳಿದರು. ಹಸಿದ ಹೊಟ್ಟೆಯಲ್ಲಿ, ನಿದ್ದೆಗೆಟ್ಟು ನಿಂತರೆ ಯಾರಿಗಾದರೂ ಕೈ ನಡುಗುತ್ತೆ. ನಿನ್ನ ಕೋಚ್ ಹತ್ತಿರ ಮಾತಾಡು, 52ಕ್ಕೆ ಹೋಗು.

52 ಅಂದ ಕೂಡಲೇ ನಿನ್ನ ಗೋಡೆಯ ಪೋಸ್ಟರ್‌ನಲ್ಲಿರುವ ಜಪಾನಿನ ಉತಾ ಆಬೆ ನೆನಪಾಗುತ್ತಾಳೆ. 2021ರಲ್ಲಿ ಇಲ್ಲಿಯ ಬುಡೋಕಾನ್ ಕ್ರೀಡಾಂಗಣದಲ್ಲಿ ಅವಳು, ಅಣ್ಣ ಹಿಫುಮಿ ಇಬ್ಬರೂ ಒಂದೇ ದಿನ ಒಲಿಂಪಿಕ್ ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ಎರಡನೇ ಸುತ್ತಿನಲ್ಲೇ ಉಜ್ಬೇಕಿಸ್ತಾನದ ದಿಯೋರಾ ಕೆಲ್ದಿಯೊರೊವಾ ಎದುರು ಸೋತಳು. ಅದೂ ವಜಾ-ಆರಿ ಅಂಕ ಪಡೆದು ಮುಂದಿದ್ದಾಗ. ಮ್ಯಾಟ್ ಇಳಿದವಳೇ ಕೋಚನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು, ನಿಲ್ಲಿಸೋಕೇ ಆಗಲಿಲ್ಲ. ಸಭಾಂಗಣವೇ "ಉತಾ, ಉತಾ" ಅಂತ ಕೂಗಿತು. ಗೆದ್ದ ಕೆಲ್ದಿಯೊರೊವಾ ಕುಣಿದಾಡಲಿಲ್ಲ. ಆ ದಿನದ ಚಿನ್ನ ಅವಳದೇ. ಅಷ್ಟೊಂದು ಅಳಬಾರದಿತ್ತು ಅಂತ ಇಲ್ಲಿ ಕೆಲವರು ಟೀಕೆ ಮಾಡಿದರು. ನಾನು ಒಪ್ಪಲ್ಲ. ವರ್ಷಗಟ್ಟಲೆ ಬೆವರು ಸುರಿಸಿದ್ದು ಒಂದು ಕ್ಷಣದಲ್ಲಿ ಹೋದರೆ ಅಳು ಬರದೆ ಇನ್ನೇನು ಬರುತ್ತೆ? 2025ರಲ್ಲಿ ಬುಡಾಪೆಸ್ಟ್‌ನಲ್ಲಿ ಅವಳು ಮತ್ತೆ ವಿಶ್ವ ಚಾಂಪಿಯನ್ ಆದಳು. ನೀನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ ಅಂತ ಗೊತ್ತು. ಮುಂದೆ ಅಳು ಬಂದರೆ ಅಮ್ಮನ ಹತ್ತಿರ ಅಳು.

ಗೆದ್ದಾಗಿನದ್ದೂ ಕಲಿಯಬೇಕು. 1964ರ ಒಲಿಂಪಿಕ್ಸ್‌ನಲ್ಲಿ ಅದೇ ಬುಡೋಕಾನ್‌ನಲ್ಲಿ ನೆದರ್ಲೆಂಡ್ಸ್‌ನ ಆಂಟನ್ ಗೀಸಿಂಕ್ ಜಪಾನಿನ ಕಾಮಿನಾಗನನ್ನು ಸೋಲಿಸಿದಾಗ, ಅವನ ಕಡೆಯವರು ಸಂಭ್ರಮದಿಂದ ಮ್ಯಾಟಿಗೆ ನುಗ್ಗಿದರು. ಗೀಸಿಂಕ್ ಕೈ ಎತ್ತಿ ತಡೆದ. ಇಲ್ಲಿಯ ಜನ ಅದನ್ನು ಇನ್ನೂ ಗೌರವದಿಂದ ನೆನೆಯುತ್ತಾರೆ.

ಅಪ್ಪ, ಇನ್ನು ನಿಮಗೆ. ಸೋತ ದಿನ ಬಸ್ಸಿನಲ್ಲಿ ಬರುವಾಗ ಮ್ಯಾಚ್ ಮಾತು ಎತ್ತಬೇಡಿ. ಅವಳೇ ಎತ್ತಿದರೆ ಕೇಳಿಸಿಕೊಳ್ಳಿ. ಏನು ತಪ್ಪಾಯಿತು ಅನ್ನೋದು ಅವಳಿಗೆ ಗೊತ್ತಿರುತ್ತೆ, ಕೋಚ್ ಮಾರನೇ ದಿನ ಹೇಳುತ್ತಾರೆ. ನೀವು ಅವಳಿಗೆ ಹೊಟ್ಟೆ ತುಂಬ ದೋಸೆ ತಿನ್ನಿಸಿ ಕರೆದುಕೊಂಡು ಬನ್ನಿ. ನೀವು ಅವಳಿಗೋಸ್ಕರ ಎಷ್ಟು ಓಡಾಡುತ್ತೀರಿ ಅಂತ ನನಗೆ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ನಿಮ್ಮ ಮುಖ ಬಾಡಿದರೆ ಅವಳಿಗೆ ಸೋಲಿಗಿಂತ ಜಾಸ್ತಿ ಭಾರ ಆಗುತ್ತೆ.

ಪುಟ್ಟಿ, ಪ್ರಾಕ್ಟೀಸಿನಲ್ಲಿ ಯಾರನ್ನು ಕಂಡರೆ ಹೊಟ್ಟೆ ತೊಳೆಸುತ್ತೋ ಅವಳ ಜೊತೆಗೇ ಮೊದಲ ರಂದೋರಿ ಮಾಡು. ಎರಡು ಶಿದೋ ಬಿದ್ದಿದೆ, ಒಂದು ನಿಮಿಷ ಉಳಿದಿದೆ ಅಂದುಕೊಂಡು ಆಡಿ ನೋಡು. ಅದರ ವಿಡಿಯೋ ಕಳಿಸು. ಎಸೆತ ತೋರಿಸಬೇಕಾಗಿಲ್ಲ, ಮೊದಲ ಹತ್ತು ಸೆಕೆಂಡು ಸಾಕು. ನನಗೆ ನಿನ್ನ ಕೈ ನೋಡಬೇಕು.

ನಿನ್ನ ಪ್ರೀತಿಯ
ಅಕ್ಕ